ಸಂಪಾದಕರ ಉತ್ತರ: ಸಾಸಿವೆಯಷ್ಟಾದ ಸಹಿ

ತಂದೆಗೆ 69. ಕಾಲು ಮುರಿದಾಗ ಮೂರೇ ತಿಂಗಳಲ್ಲಿ ಎದ್ದು ಓಡಾಡಿದವರು. ಈಗ ಪಾರ್ಕಿನ್ಸನ್ ಅಂದಿದ್ದಾರೆ. ಶುರುವಾಗಿ ಎಷ್ಟೋ ವರ್ಷ ಆಗಿರಬೇಕಂತೆ. ಮೂಳೆ ಕೂಡಿಸಿಕೊಂಡ ದೇಹಕ್ಕೆ ಇದನ್ನು ಸರಿಪಡಿಸಿಕೊಳ್ಳಲು ಯಾಕಾಗಲಿಲ್ಲ? ಜೊತೆಯಲ್ಲೇ ಇದ್ದ ನಮಗೆ ಯಾಕೆ ಗೊತ್ತಾಗಲಿಲ್ಲ? ಮಾತ್ರೆ ಬೇಡ, ನಸುಗುನ್ನಿ ಪುಡಿ ಕೊಡಿ ಅಂತ ನೆಂಟರು ಹೇಳುತ್ತಿದ್ದಾರೆ.
– ಓದುಗರೊಬ್ಬರು, ತ್ಯಾಗರಾಜನಗರ, ಬೆಂಗಳೂರು

ಎರಡನೆಯ ಪ್ರಶ್ನೆ ಮೊದಲು. ಪತ್ರದಲ್ಲಿ ನೋವಿರುವುದು ಅಲ್ಲೇ.

ನಿಮಗೆ ಗೊತ್ತಾಗದ ಹಾಗೆ ಇಷ್ಟು ವರ್ಷ ನಿಭಾಯಿಸಿದ್ದು ತಂದೆಯವರ ಮಿದುಳೇ. ಈ ಕಾಯಿಲೆಯಲ್ಲಿ, ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತಿದ್ದರೆ, ಉಳಿದವು ಹೆಚ್ಚು ದುಡಿಯುತ್ತವೆ. ಅದನ್ನು ಪಡೆಯುವ ಕೋಶಗಳು ಸಿಕ್ಕಷ್ಟರಲ್ಲೇ ಕೆಲಸ ನಡೆಸುತ್ತವೆ. ಕೈ ನಡುಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿರುತ್ತವೆ. ನಮ್ಮ ದರ್ಶಿನಿಗಳಲ್ಲಿ ಇಬ್ಬರು ರಜೆ ಹಾಕಿದ ದಿನವೂ ಕೌಂಟರಿಗೆ ದೋಸೆ ಬರುತ್ತಲೇ ಇರುತ್ತದಲ್ಲ? ಕಾವಲಿ ಮುಂದೆ ಎಷ್ಟು ಜನ ಉಳಿದಿದ್ದಾರೆ ಅನ್ನುವುದು ಟೋಕನ್ ಹಿಡಿದು ನಿಂತವರಿಗೆ ಕಾಣುವುದಿಲ್ಲ.

ಸುಳಿವುಗಳಿರುತ್ತವೆ, ನಿಜ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಝಾಡಿಸುವುದು. ಇವನ್ನು ಯಾರು ರೋಗ ಅಂದುಕೊಳ್ಳುತ್ತಾರೆ? ನನ್ನ ಸೋದರಮಾವ ಪಕ್ಕದಲ್ಲೇ ಹಾಲು ಸೀದರೂ ಪೇಪರ್ ಓದುತ್ತ ಕೂತಿರುತ್ತಿದ್ದರು. ಅತ್ತೆ ಬೈದದ್ದು ಅವರ ಸೋಮಾರಿತನವನ್ನು. ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನವರು ಎರಡು ಸಲ ಚೆಕ್ ವಾಪಸು ಕಳಿಸಿದ ಮೇಲೆ ಹಳೆಯದರ ಪಕ್ಕ ಇಟ್ಟು ನೋಡಿದೆವು. ಮೊದಲಕ್ಷರ ಹಾಗೇ ಇತ್ತು. ಮುಂದಿನವು ಕುಗ್ಗುತ್ತ ಹೋಗಿ ಕೊನೆಯದು ಸಾಸಿವೆಯಷ್ಟಾಗಿತ್ತು. ದಿನವೂ ಊರಿನವರ ಕೈಬರಹ ಓದುವ ನನಗೇ ಅದು ಕಂಡಿರಲಿಲ್ಲ.

ಇನ್ನು ಮೂಳೆಯ ಮಾತು. ಮೂಳೆಯಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ತೋಳಿನ ನರ ತುಂಡಾದರೂ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಮಿದುಳಿನ ಈ ಕೋಶಗಳಿಗೆ ಬದಲಿ ಇಲ್ಲ. ಅಲ್ಲಿ ರಿಪೇರಿ ಅಂದರೆ ಇದ್ದವರೇ ಹಂಚಿಕೊಂಡು ಮಾಡುವುದು.

ಇದಕ್ಕೆ ಕೊಡುವ ಲಿವೊಡೋಪ ಮಾತ್ರೆ ಮಿದುಳು ಸೇರಿ ಡೋಪಮೈನ್ ಆಗುತ್ತದೆ. ನಿಮ್ಮ ನೆಂಟರ ಮಾತು ಪೂರಾ ಸುಳ್ಳಲ್ಲ: ಮೈಗೆ ತಾಕಿದರೆ ತುರಿಸುವ ಆ ನಸುಗುನ್ನಿಯ ಬೀಜದಲ್ಲಿರುವುದೂ ಲಿವೊಡೋಪವೇ. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಅಳೆದು ಕೊಡುವವರಾರು? ಮಾತ್ರೆಯ ಜೊತೆ ಅದೂ ಸೇರಿದರೆ ಪ್ರಮಾಣ ಹೆಚ್ಚಾಗುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಅಪಾಯ. ಪುಡಿ ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಹೋಗುವಾಗ ಐದಾರು ವರ್ಷದ ಹಿಂದಿನ ಒಂದು ಸಹಿಯನ್ನೂ ಜೊತೆಗಿಟ್ಟುಕೊಳ್ಳಿ.