ಘಾಟಿ ಇಳಿಯುವಾಗ ಮೆತ್ತಗಾಗುವ ಬ್ರೇಕ್ ಪೆಡಲ್

ಘಾಟಿಯಲ್ಲಿ ಪೆಡಲ್ ಮೆತ್ತಗಾಗುತ್ತದೆ, ಗಾಡಿ ತಣ್ಣಗಾದರೆ ಸರಿಹೋಗುತ್ತದೆ, ಆಯಿಲ್ ಕಪ್ಪಗಿದೆ ಅಂದಿದ್ದೀರಿ. ಬಹುಶಃ ಬ್ರೇಕ್ ಆಯಿಲ್ ನೀರು ಹೀರಿಕೊಂಡಿದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ, 3.7% ನೀರು ಸೇರಿದರೆ ಆ ಮಿತಿ 155. ಕುದ್ದು ಎದ್ದ ಆವಿ ಒತ್ತಿದಾಗ ಕುಗ್ಗುತ್ತದೆ, ಪೆಡಲ್ ಒಳಗಿಳಿಯುತ್ತದೆ. ಬಣ್ಣ ನೋಡಿಯೇ ತೀರ್ಮಾನಿಸಬೇಡಿ, ತಿಳಿಯಾಗಿರುವ ಆಯಿಲ್‌ನಲ್ಲೂ ನೀರಿರಬಹುದು.

ಮೊದಲು ಗಾಡಿಯಲ್ಲಿ ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ರಬ್ಬರ್ ನೋಡಿ. ಉಬ್ಬಿದ್ದರೆ ಯಾರೋ ಸ್ಟೀರಿಂಗ್ ಆಯಿಲ್ ಸುರಿದಿರಬಹುದು. ಲೋಟ ನೀರಿಗೆ ಡಬ್ಬಿಯ ಆಯಿಲ್ ಸ್ವಲ್ಪ ಹಾಕಿ: ಬ್ರೇಕ್ ಆಯಿಲ್ ಬೆರೆಯುತ್ತದೆ, ಸ್ಟೀರಿಂಗ್ ಆಯಿಲ್ ತೇಲುತ್ತದೆ. ತೇಲಿದರೆ ಗಾಡಿ ಓಡಿಸಲೇಬೇಡಿ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಅನ್ನು ಚಕ್ರಗಳ ಕಡೆಗೆ ತಳ್ಳುವ ಭಾಗ), ಹೋಸ್, ಸೀಲು ಎಲ್ಲ ಬದಲಾಗಬೇಕು. ಆಯಿಲ್ ಬದಲಿಸಿದರಷ್ಟೇ ಸಾಲದು.

ಬೆರೆತರೆ, ಮುಚ್ಚಳದ ಮೇಲೆ ಬರೆದಿರುವ ದರ್ಜೆಯದೇ ಸೀಲ್ ಒಡೆಯದ 1 ಲೀಟರ್ ಆಯಿಲ್ ತನ್ನಿ. ಡಾಟ್ 5 ಬೇಡ, ಅದು ಸಿಲಿಕೋನ್. ಡಬ್ಬಿಯ ಹಳೆಯದನ್ನು ಸಿರಿಂಜಿನಿಂದ ತೆಗೆದು ಹೊಸದು ತುಂಬಿ. ಚಕ್ರದ ಬ್ರೇಕಿನಲ್ಲಿರುವ, ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ನೀವು ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ, ಆಮೇಲಷ್ಟೇ ಕಾಲು ತೆಗೆಯಲಿ. ಹೊಸ ಬಣ್ಣ ಬರುವವರೆಗೆ ಇದನ್ನೇ ಮಾಡಿ. ಸಾಮಾನ್ಯವಾಗಿ ಎಡ ಹಿಂಬದಿ ಚಕ್ರದಿಂದ ಶುರು, ಆದರೆ ಕೆಲವು ಗಾಡಿಗಳಲ್ಲಿ ಕ್ರಮ ಬೇರೆ; ಮ್ಯಾನ್ಯುಯಲ್ ನೋಡಿ. ಡಬ್ಬಿ ಮಾತ್ರ ಬರಿದಾಗಬಾರದು, ಗಾಳಿ ಹೊಕ್ಕರೆ ಕೆಲಸ ಮೊದಲಿಂದ. ಪೆಡಲ್ ತಳ ಮುಟ್ಟದಂತೆ ಕೆಳಗೆ ಮರದ ತುಂಡು ಇಡಿ, ಮುಟ್ಟಿದರೆ ಹಳೇ ಸಿಲಿಂಡರ್ ಸೀಲು ಹರಿಯಬಹುದು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ.

ಇಂಜಿನ್ ಆನ್ ಮಾಡಿ ಪೆಡಲ್ ಒತ್ತಿ ಹಿಡಿಯಿರಿ. ನಿಧಾನವಾಗಿ ಕುಸಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆಯಿಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್ ಮೇಲೇ ಅನುಮಾನ. ಗಟ್ಟಿಯಾಗಿ ನಿಂತರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ.