ಬಂಗಲೆಯ ಹರಾಜಿನಲ್ಲಿ ಕೊಂಡ ಸೋಫಾ ಟೇಬಲ್ (ಸೋಫಾ ಮುಂದೆ ಇಡುವ, ತುದಿಗಳಲ್ಲಿ ಮಡಚುವ ರೆಕ್ಕೆಗಳಿರುವ ಮೇಜು) ಇಂಗ್ಲೆಂಡಿನ ಹೆಸರಾಂತ ಹಳೆಯ ಪೀಠೋಪಕರಣ ತಯಾರಕರಾದ ಗಿಲ್ಲೋಸ್‌ನವರದ್ದೇ ಅಂತ ಹೇಗೆ ಸಾಬೀತು ಮಾಡೋದು?

ಮೊದಲು ಡ್ರಾಯರ್ ಹೊರಗೆ ಎಳೆಯಿರಿ. ಅದರ ಮುಂಪಲಗೆಯ ಮೇಲಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಲ್ಯಾಂಕಾಸ್ಟರಿನ ಗಿಲ್ಲೋಸ್‌ನವರು ಮುದ್ರೆ ಒತ್ತುತ್ತಿದ್ದದ್ದು ಹೆಚ್ಚಾಗಿ ಅಲ್ಲೇ.

ನಾನೂ ಇಂಗ್ಲೆಂಡಿನಲ್ಲಿರುವಾಗ ಹಳ್ಳಿ ಕಡೆಯ ಬಂಗಲೆಯೊಂದರ ಹರಾಜಿನಲ್ಲಿ ಬೀಟೆ ಮರದ ಇಂಥದ್ದೇ ಟೇಬಲ್ ತಗೊಂಡಿದ್ದೆ. ಚಳಿಗಾಲದ ತೇವಕ್ಕೆ ಡ್ರಾಯರ್ ಬಿಗಿಯಾಯಿತು. ಮೇಣದಬತ್ತಿ ಉಜ್ಜಿದ್ದರೆ ಮುಗಿಯುತ್ತಿತ್ತು. ಬಡಗಿಯನ್ನು ಕರೆಸಿದೆ. ಅವನು ಬಾಗಿಲಿಗೆ ಮಾಡುವ ಹಾಗೆ ಅಂಚಿಗೆ ಉಜ್ಜುಗೊರಡು ಹಾಕಿದ. ತಳ ಹೆರೆಯಬಹುದಿತ್ತು, ಪಕ್ಕ ಹೆರೆಯಬಹುದಿತ್ತು, ಹೆರೆದದ್ದು ಮುಂಪಲಗೆಯ ಮೇಲಂಚನ್ನೇ! ಆಮೇಲೆ ಹರಾಜಿನ ದಿನದ ಫೋಟೋ ದೊಡ್ಡದು ಮಾಡಿ ನೋಡಿದರೆ ಆ ಅಂಚಿನಲ್ಲಿ ಸಣ್ಣ ಅಕ್ಷರಗಳು, ಕೊನೆಯಲ್ಲಿ 'ಕಾಸ್ಟರ್' ಅಂತ, ಅಂದರೆ ಲ್ಯಾಂಕಾಸ್ಟರ್ ಹೆಸರಿನ ಬಾಲ. ಕೊಳ್ಳಲು ಬಂದವರು ಹೊಸದಾಗಿ ಹೆರೆದ ಮರ ನೋಡಿ, ಫೋಟೋ ಕಡೆ ಕಣ್ಣೂ ಹಾಯಿಸದೆ ಬೆಲೆ ಇಳಿಸಿದರು.

ಇನ್ನು 'ದೊಡ್ಡ ಬಂಗಲೆಯಲ್ಲಿತ್ತು, ಹಾಗಾಗಿ ದೊಡ್ಡ ಹೆಸರಿನವರೇ ಮಾಡಿರಬೇಕು' ಅಂತೀರಲ್ಲ, ಅದನ್ನು ನಾನು ಒಪ್ಪಲ್ಲ. ಬಂಗಲೆಗಳಿಗೆ ಮದುವೆ, ಮಾರಾಟ, ಉತ್ತರಾಧಿಕಾರ ಅಂತ ಸಾಮಾನು ಬರುತ್ತಲೇ ಇರುತ್ತದೆ, ಹೋಗುತ್ತಲೇ ಇರುತ್ತದೆ. ಇಂಗ್ಲೆಂಡಿನ ವಿಲ್ಟ್‌ಷೈರಿನ ಸ್ಟೌರ್‌ಹೆಡ್ ಬಂಗಲೆಯಲ್ಲಿರುವ ರೀಜೆನ್ಸಿ ಕಾಲದ ಸಾಮಾನು ಪೀಠೋಪಕರಣ ತಯಾರಕ ಕಿರಿಯ ಥಾಮಸ್ ಚಿಪ್ಪೆಂಡೇಲ್ ಮಾಡಿದ್ದು ಅಂತ ಧೈರ್ಯವಾಗಿ ಹೇಳುವುದು ಯಾಕೆ ಗೊತ್ತಾ? ಬಂಗಲೆಯ ಯಜಮಾನ ರಿಚರ್ಡ್ ಕೋಲ್ಟ್ ಹೋರ್ ಅವರಿಗೆ ಅವನು ಕೊಟ್ಟ ಬಿಲ್‌ಗಳು ಉಳಿದಿವೆ, ಅದಕ್ಕೆ. (ಪ್ರಸಿದ್ಧನಾದ ಅವನ ಅಪ್ಪ, ಹಿರಿಯ ಥಾಮಸ್ ಚಿಪ್ಪೆಂಡೇಲ್, 1779ರಲ್ಲೇ ತೀರಿಹೋದ. ರೀಜೆನ್ಸಿ ಅಂದರೆ ರಾಜನ ಬದಲು ಯುವರಾಜ ಆಡಳಿತ ನೋಡಿಕೊಂಡ ಕಾಲ, 1811ರಿಂದ 1820. ಆದರೂ 'ಅಪ್ಪನೇ ಮಾಡಿದ್ದು' ಅನ್ನುವವರು ಈಗಲೂ ಸಿಗುತ್ತಾರೆ.)

ಮುದ್ರೆ ಇಲ್ಲದಿದ್ದರೆ ಗಿಲ್ಲೋಸ್ ಅಲ್ಲ ಅಂತಲೂ ಅಲ್ಲ. ಎಲ್ಲದಕ್ಕೂ ಅವರು ಒತ್ತುತ್ತಿರಲಿಲ್ಲ. ಅವರ ಅಂದಾಜು ಪುಸ್ತಕಗಳು ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ದಾಖಲೆ ಭಂಡಾರದಲ್ಲಿವೆ. ಚಿತ್ರದ ಜೊತೆ ಮರದ ಖರ್ಚು, ಕೂಲಿ, ಎಷ್ಟೋ ಕಡೆ ಕೆಲಸಗಾರನ ಹೆಸರೂ ಇದೆ. ನಿಮ್ಮ ಟೇಬಲಿನ ಕಾಲು, ಮಡಚುವ ರೆಕ್ಕೆಗಳ ಅಳತೆ ಹಿಡಿದುಕೊಂಡು ಅಲ್ಲಿ ಹುಡುಕಿ. ಒಂದು ಸ್ಕ್ರೂ ಬಿಚ್ಚಿಯೂ ನೋಡಿ. ಆ ಕಾಲದ ಸ್ಕ್ರೂಗೆ ತುದಿ ಮೊಂಡು. ಮೊನಚಾಗಿದ್ದರೆ ನಂತರ ಹಾಕಿದ್ದು.

ಬಂಗಲೆಯವರ ಹಳೆಯ ಲೆಕ್ಕಪತ್ರ ಜಿಲ್ಲಾ ದಾಖಲೆ ಕಚೇರಿಗೆ ಬಂದಿದೆಯಾ ಅಂತ ಒಂದು ಪತ್ರ ಬರೆದು ಕೇಳಿ. ಎಲ್ಲೂ ಏನೂ ಸಿಗದಿದ್ದರೆ ಸುಮ್ನೆ 'ಗಿಲ್ಲೋಸ್ ಶೈಲಿ' ಅಂತ ಬರೆದು ಮಾರಿ. ಪಾಲಿಶ್ ಮಾತ್ರ ಈಗಲೇ ಮಾಡಿಸಬೇಡಿ.