ವಾಟ್ಸಾಪ್ ಕಾಲ್ ಮಾಡುವ ಖಾತೆ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಊರಲ್ಲಿರುವ ಅಪ್ಪ ಅಮ್ಮನ ಜೊತೆ ದಿನಾ ವಾಟ್ಸಾಪ್‌ನಲ್ಲೇ ಮಾತಾಡುತ್ತೇನೆ, ಅವರ ಖಾತೆ ಯಾರಾದರೂ ಕದ್ದರೆ ಅಂತ ಭಯ ಎಂದಿದ್ದೀರಿ. ಭಯ ಸರಿಯಾದದ್ದೇ. ಕಳ್ಳನಿಗೆ ಅವರ ಫೋನ್ ಬೇಕಾಗಿಲ್ಲ. ಬೇರೆ ಫೋನಿನಲ್ಲಿ ಆ ನಂಬರಿನ ವಾಟ್ಸಾಪ್ ತೆರೆಯುವಾಗ ಎಸ್ಸೆಮ್ಮೆಸ್‌ನಲ್ಲಿ ಬರುವ 6 ಅಂಕಿಯ ಕೋಡ್ ಸಿಕ್ಕರೆ ಸಾಕು.

ಹಾಗಾಗಿ ಮೊದಲು ವಾಟ್ಸಾಪ್‌ನ ಸೆಟ್ಟಿಂಗ್ಸ್, ಅಕೌಂಟ್ ಒಳಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿಕೊಡಿ. ಅಲ್ಲಿ ಇಡುವ ಪಿನ್ ಗೊತ್ತಿಲ್ಲದಿದ್ದರೆ, ಕೋಡ್ ಸಿಕ್ಕರೂ ಕಳ್ಳ ಒಳಗೆ ಬರಲಾರ. ಹುಟ್ಟಿದ ದಿನಾಂಕವನ್ನೇ ಪಿನ್ ಮಾಡಬೇಡಿ. ಇಮೇಲ್ ವಿಳಾಸವನ್ನೂ ಹಾಕಿ, ಪಿನ್ ಮರೆತಾಗ ಅದೇ ಕೈಹಿಡಿಯುವುದು.

ಕೋಡ್ ಫೋನ್ ಕರೆಯಲ್ಲೂ ಬರುತ್ತದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. "ನಿಮ್ಮ ಸಿಮ್ ಬಂದ್ ಆಗುತ್ತೆ ಅಮ್ಮಾ, *401* ಒತ್ತಿ ಈ ನಂಬರ್ ಹಾಕಿ" ಎಂದು ಯಾರೋ ಮೆತ್ತಗೆ ಹೇಳುತ್ತಾರೆ. ಒತ್ತಿದರೆ ಅಮ್ಮನಿಗೆ ಬರುವ ಕರೆಗಳು ಅವನಿಗೆ ಹೋಗುತ್ತವೆ, ಕೋಡ್ ಹೇಳುವ ಕರೆಯೂ! ಈ ಮೋಸದಿಂದಾಗಿಯೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ನಂಬರ್ ಒತ್ತಿ ಕರೆ ತಿರುಗಿಸುವುದನ್ನು ನಿಲ್ಲಿಸಲು ಹೇಳಿತು. ಆದರೂ ಫೋನಿನ ಕಾಲ್ ಫಾರ್ವರ್ಡಿಂಗ್ ಆನ್ ಆಗಿದೆಯಾ ಅಂತ ಒಮ್ಮೆ ನೋಡಿಬಿಡಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ (ಅದೇ ಖಾತೆ ತೆರೆದಿರುವ ಬೇರೆ ಸಾಧನಗಳ ಪಟ್ಟಿ) ಗುರುತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ.

ಖಾತೆ ಹೋಗೇಬಿಟ್ಟರೆ? ಅದೇ ನಂಬರಿನಿಂದ ತಕ್ಷಣ ಮತ್ತೆ ನೋಂದಾಯಿಸಿ, ಬಂದ ಕೋಡ್ ಹಾಕಿ. ಕಳ್ಳ ಹೊರಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ಮಾತ್ರ ನೀವು 7 ದಿನ ಕಾಯಬೇಕು. ಅಷ್ಟರೊಳಗೆ ನೆಂಟರಿಷ್ಟರಿಗೆಲ್ಲ ಮಾಮೂಲಿ ಕರೆ ಮಾಡಿ, ಆ ಖಾತೆಯಿಂದ ದುಡ್ಡು ಕೇಳಿದರೆ ಕೊಡಬೇಡಿ ಅಂತ ಹೇಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.